ಬೆನ್ನ ಮೇಲೆ ಇಟ್ಟು ಹಾಕಿದ ಸಹಿ

ಆರ್ಡರ್ ಬುಕ್ಕನ್ನು ಎಡಗೈ ಮೇಲೆ ಬಿಡಿಸಿಕೊಂಡು, ಬಲಗೈಯಲ್ಲಿ ಪೆನ್ನಿನ ಮುಚ್ಚಳ ತೆಗೆದು ಹಿಡಿದು, ಕ್ಲಾಸಿನ ಬಾಗಿಲ ಹೊರಗೇ ನಿಲ್ಲಬೇಕು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದ್ದರೆ ಕೆಮ್ಮಬಾರದು, ಕಾಯಬೇಕು. ಅವರು ಸೀಮೆಸುಣ್ಣದ ಕೈಯನ್ನು ಸೀರೆಗೋ ಪ್ಯಾಂಟಿಗೋ ಒರೆಸಿಕೊಂಡು ಬಾಗಿಲಿಗೆ ಬರುತ್ತಾರೆ. "ಏನಮ್ಮಾ ಅದು?" ಅನ್ನುತ್ತಾರೆ. ನಾನು ಹೇಳುತ್ತೇನೆ. ಸೈನ್ ಹಾಕುತ್ತಾರೆ. ಮುಂದಿನ ಕ್ಲಾಸು. ಹದಿನೆಂಟು ಜನ, ಎರಡು ಮಹಡಿ, ಊಟದ ಬೆಲ್ಲಿನೊಳಗೆ ಮುಗಿಯಬೇಕು.

ಬರೆದದ್ದನ್ನು ಓದಿ ಸೈನ್ ಹಾಕಿದವರನ್ನು ನಾನು ಕಂಡಿರಲಿಲ್ಲ. ಹಿಂದೆ ಐವತ್ತು ಮಕ್ಕಳು ಗಲಾಟೆ ಮಾಡುತ್ತಿರುವಾಗ ಯಾರು ಓದುತ್ತಾರೆ? ನಾನು ಬಾಯಲ್ಲಿ ಹೇಳಿದ್ದೇ ಆರ್ಡರು. ನನಗೆ ಹೇಳಿಕೊಡುತ್ತಿದ್ದವರು ಆಫೀಸಿನ ಗುಮಾಸ್ತರು. "ಶನಿವಾರ ಮೀಟಿಂಗು ಅನ್ನು," "ಮಾರ್ಕ್ಸ್ ಲಿಸ್ಟು ನಾಳೆಗೆ ಕೊಡ್ಬೇಕಂತೆ ಅನ್ನು." ನಾನು ಅದನ್ನೇ ಹದಿನೆಂಟು ಸಲ ಅನ್ನುತ್ತಿದ್ದೆ.

ಆ ಹದಿನೆಂಟು ಜನವೂ ಡಿಗ್ರಿ ಓದಿ ಬಿ.ಎಡ್. ಮಾಡಿದವರು. ನನಗೆ ಓದಲು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ, ನನ್ನ ಹೆಸರು ಬರೆಯುತ್ತಿದ್ದೆ, ಅಲ್ಲಿಗೆ ಮುಗಿಯಿತು. ನನ್ನ ಯಜಮಾನರು ಅದೇ ಸ್ಕೂಲಿನಲ್ಲಿ ಜವಾನರಾಗಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ನನಗೆ ಕೊಟ್ಟರು. ಕೆಲಸಕ್ಕೆ ನಾಲ್ಕನೇ ಕ್ಲಾಸ್ ಪಾಸಾಗಿರಬೇಕಿತ್ತು. ನಾನು ಎರಡನೇ ಕ್ಲಾಸಿಗೇ ಬಿಟ್ಟವಳು. ಆಗಿನ ಹೆಡ್ಮಾಸ್ಟರು, "ಬರ್ಕೋತೀನಿ ಬಿಡಮ್ಮ, ಯಾರ್ ನೋಡ್ತಾರೆ" ಅಂತ ಸರ್ವಿಸ್ ಬುಕ್ಕಿನಲ್ಲಿ ನಾಲ್ಕು ಅಂತಲೇ ಬರೆದುಕೊಂಡರು. ಹಾಗಾಗಿ ಕಾಗದದ ಮೇಲೆ ನಾನು ಓದಿದವಳು.

ಒಂದು ಆಷಾಢ ಶುಕ್ರವಾರ. ನಮ್ಮಲ್ಲಿ ಐದು ಜನ ಹೆಂಗಸರು ಟೀಚರುಗಳಿದ್ದರು. ಮೂರನೇ ಪೀರಿಯಡ್ ಮುಗಿಸಿ ಚಾಮುಂಡಿ ಬೆಟ್ಟಕ್ಕೆ ಹೋಗಲು ಪರ್ಮಿಷನ್ ತಗೊಂಡು ಹೊರಟಿದ್ದರು. ಮಲ್ಲಿಗೆ ಮುಡಿದು, ಹಣ್ಣುಕಾಯಿ ಬುಟ್ಟಿ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಗುಮಾಸ್ತರು ಬುಕ್ಕು ಹಿಡಿದು ಆಫೀಸಿನಿಂದ ಓಡಿಬಂದರು.

"ಆಯಮ್ಮಾ, ಓಡು. ವೋಟರ್ ಲಿಸ್ಟ್ ಕೆಲ್ಸಕ್ಕೆ ಮನೆಮನೆ ತಿರುಗೋದು ಬೇಡ ಅನ್ನೋ ಹೆಂಗಸ್ರು ಇವತ್ತೇ ಸೈನ್ ಹಾಕ್ಬೇಕಂತೆ. ಬಸ್ ಹತ್ತಿದ್ರೆ ಸಿಗಲ್ಲ."

ಓಡಿದೆ. ಹೇಳಿದೆ.

"ಬೇಡ ಅನ್ನೋದಕ್ಕೆ ತಾನೆ? ಕೊಡೇ ಕೊಡೇ," ಅಂದರು ಕನ್ನಡ ಮೇಡಂ. ಬುಕ್ಕು ಇಡಲು ಜಾಗವಿರಲಿಲ್ಲ. ಅವರೇ ಬಗ್ಗಿ ಬೆನ್ನು ಕೊಟ್ಟರು. ನಾಲ್ಕು ಜನ ಅವರ ಬೆನ್ನ ಮೇಲೆ ಇಟ್ಟು ಸೈನ್ ಹಾಕಿದರು. "ಕಚಗುಳಿ ಆಗ್ತಿದೆ ಕಣ್ರೀ, ಬೇಗ!" ಅಂತ ಅವರು ಕುಣಿಯುತ್ತಿದ್ದರು. ವಿಜ್ಞಾನದ ಮೇಡಂ ಮಾತ್ರ ಪೆನ್ನು ಹಿಡಿದು, "ಏನಿದು?" ಅಂದರು.

"ವೋಟರ್ ಲಿಸ್ಟು ಮೇಡಂ. ಬ್ಯಾಡ ಅನ್ನಕ್ಕೆ. ಒಳ್ಳೇದೇಯ, ಹಾಕಿ."

ಅಷ್ಟರಲ್ಲಿ ಬಸ್ಸು ತಿರುವಿನಲ್ಲಿ ಕಂಡಿತು. ಹಾಕಿದರು. ಕೊನೆಗೆ ಕನ್ನಡ ಮೇಡಂ ನನ್ನ ಬೆನ್ನ ಮೇಲೆ ಇಟ್ಟು ತಮ್ಮದನ್ನೂ ಹಾಕಿದರು. ಸೋಮವಾರ ನನಗೆ ಒಂದು ಪೊಟ್ಟಣ ಪ್ರಸಾದ ತಂದುಕೊಟ್ಟರು.

ಇದಾಗಿ ಎರಡು ವರ್ಷಕ್ಕೆ ಹೆಡ್ಮಾಸ್ಟರು ರಿಟೈರ್ ಆಗುವ ಕಾಲ ಬಂತು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮದು ಜಯಲಕ್ಷ್ಮಿಪುರಂ ಕಡೆಯ ಒಂದು ಅನುದಾನಿತ ಹೈಸ್ಕೂಲು. ಸಂಬಳ ಸರ್ಕಾರದ್ದು, ದರ್ಬಾರು ಆಡಳಿತ ಮಂಡಳಿಯದು. ಹೆಡ್ಮಾಸ್ಟರ ರೂಮಿನ ಗೋಡೆ ಮೇಲೆ ಹಿಂದಿನವರ ಫೋಟೋ ಸಾಲಾಗಿ ಇದ್ದವು. ಏಳು. ದಿನಾ ಒರೆಸುತ್ತಿದ್ದವಳು ನಾನು. ಏಳಕ್ಕೂ ಮೀಸೆ.

ಸರ್ವಿಸಿನಲ್ಲಿ ಎಲ್ಲರಿಗಿಂತ ಹಿರಿಯರು ವಿಜ್ಞಾನದ ಮೇಡಂ. ಅವರಾದ ಮೇಲೆ ಕನ್ನಡ ಮೇಡಂ. ಮೂರನೆಯವರು ಸಮಾಜದ ಮೇಷ್ಟ್ರು, ವಿಜ್ಞಾನದ ಮೇಡಂಗಿಂತ ಎಂಟು ವರ್ಷ ಕಿರಿಯರು. ಕಾನೂನಿನಂತೆ ಕುರ್ಚಿ ವಿಜ್ಞಾನದ ಮೇಡಂಗೆ ಬರಬೇಕು. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಆ ಮೇಡಂ ನನಗೆ ಬೇಕಾದವರು ಅಂತ ತಿಳಿಯಬೇಡಿ. ಶ್ರೀರಂಗಪಟ್ಟಣದ ಕಡೆಯ ಒಕ್ಕಲು ಮನೆತನ, ದನಿ ದೊಡ್ಡದು. "ಆಯಮ್ಮಾ, ಈ ಬೀಕರು ತೊಳ್ದಿದೀಯೋ ಸೀರೇಲಿ ಒರ್ಸಿದೀಯೋ?" ಅಂತ ಹುಡುಗರ ಮುಂದೆಯೇ ಕೇಳುತ್ತಿದ್ದರು. ಆದರೆ ಬೆಲ್ ಹೊಡೆಯುವ ಮೊದಲೇ ಕ್ಲಾಸಿನ ಬಾಗಿಲಲ್ಲಿ ಇರುತ್ತಿದ್ದವರು ಅವರೊಬ್ಬರೇ. ದಟ್ಟಗಳ್ಳಿಯಲ್ಲಿ ಆಗಷ್ಟೇ ಮನೆ ಕಟ್ಟಿಸಿ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಆದರೂ ತಡವಾದದ್ದಿಲ್ಲ.

ಏಪ್ರಿಲ್‌ನಲ್ಲಿ ಅವರು ಅರ್ಜಿ ಕೊಟ್ಟರು. ಒಂದು ವಾರಕ್ಕೆ ಆಡಳಿತ ಮಂಡಳಿಯ ಕಾರ್ಯದರ್ಶಿ ಸ್ಕೂಲಿಗೆ ಬಂದು ಅವರನ್ನು ಕರೆಸಿದರು. ಹೆಡ್ಮಾಸ್ಟರೂ ಗುಮಾಸ್ತರೂ ಅಲ್ಲೇ ಕೂತಿದ್ದರು. ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

"ಮೇಡಂ, ನಿಮ್ಮ ಮೇಲೆ ನಮಗೆ ತುಂಬಾ ಗೌರವ ಇದೆ," ಅಂದರು ಕಾರ್ಯದರ್ಶಿ. "ಆದ್ರೆ ಗಂಡು ಹುಡುಗ್ರಿರೋ ಸ್ಕೂಲು. ಹತ್ತನೇ ಕ್ಲಾಸಿನೋರು ನಮ್ಮೆತ್ತರ ಬೆಳ್ದಿರ್ತಾರೆ. ಪರೀಕ್ಷೆ ಬಂದ್ರೆ ಪೊಲೀಸು, ಪೋಷಕರು, ಜಗಳ..."

"ಆ ಹುಡುಗ್ರ ಕಿವಿ ಇಪ್ಪತ್ನಾಕು ವರ್ಷದಿಂದ ನಾನೇ ಹಿಂಡ್ತಾ ಇದೀನಲ್ಲ ಸಾರ್."

"ದಟ್ಟಗಳ್ಳಿಯಿಂದ ಬರ್ತೀರ. ಬೆಳಿಗ್ಗೆ ಗೇಟು ತೆಗೆಸ್ಬೇಕು..."

"ಗೇಟ್ ತೆಗಿಯೋದು ಆಯಮ್ಮ ಸಾರ್. ಹೆಡ್ಮಾಸ್ಟ್ರು ಎಷ್ಟೊತ್ತಿಗೆ ಬರ್ತಾರೆ ಅಂತ ಅವಳನ್ನೇ ಕೇಳಿ."

ಹೆಡ್ಮಾಸ್ಟರು ಫ್ಯಾನು ನೋಡಿದರು. ನನಗೆ ನಗು ಬಂತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಕಾರ್ಯದರ್ಶಿ ಗುಮಾಸ್ತರ ಕಡೆ ಕಣ್ಣು ಮಾಡಿದರು. ಗುಮಾಸ್ತರು ಹಳೆಯ ಆರ್ಡರ್ ಬುಕ್ಕನ್ನು ಮೊದಲೇ ಗುರುತು ಇಟ್ಟುಕೊಂಡು ಬಂದಿದ್ದರು. ತೆಗೆದು ಓದಿದರು:

"ಈ ಕೆಳಗೆ ಸಹಿ ಮಾಡಿರುವ ಶಿಕ್ಷಕಿಯರಾದ ನಾವು, ಗೃಹಕೃತ್ಯದ ಕಾರಣ, ಮತದಾರರ ಪಟ್ಟಿಯ ಕೆಲಸವನ್ನಾಗಲಿ, ಶಾಲೆಯ ಮುಖ್ಯೋಪಾಧ್ಯಾಯರ ಪ್ರಭಾರ ಅಥವಾ ಹುದ್ದೆಯನ್ನಾಗಲಿ ವಹಿಸಿಕೊಳ್ಳಲು ಇಚ್ಛಿಸುವುದಿಲ್ಲ."

ಕೆಳಗೆ ಐದು ಸೈನು.

ಮೇಡಂ ಬುಕ್ಕನ್ನು ಎಳೆದುಕೊಂಡು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಅವತ್ತು ನೀನೇನಂತ ಹೇಳ್ದೆ ಆಯಮ್ಮ?"

"ಅವಳನ್ಯಾಕೆ ಕೇಳ್ತೀರಿ?" ಅಂದರು ಕಾರ್ಯದರ್ಶಿ. "ಬಿ.ಎಸ್ಸಿ. ಓದಿದೋರು ನೀವು. ಸಹಿ ನಿಮ್ದು ಹೌದೋ ಅಲ್ವೋ?"

"ಹೌದು."

"ಮತ್ತೆ?"

ಆ 'ಮತ್ತೆ'ಗೆ ಉತ್ತರ ನನ್ನಲ್ಲಿತ್ತು. ನಾನು ಬಾಯಿ ಬಿಡಲಿಲ್ಲ. ತಟ್ಟೆಯಲ್ಲಿ ಕಾಫಿ ಆರುತ್ತಿತ್ತು.

ಹೊರಗೆ ಬಂದ ಮೇಲೆ ನೀರಿನ ಟ್ಯಾಂಕಿನ ಹತ್ತಿರ ಗುಮಾಸ್ತರನ್ನು ಹಿಡಿದುಕೊಂಡೆ. "ನೀವು ವೋಟರ್ ಲಿಸ್ಟು ಅಂತ ತಾನೆ ನಂಗೆ ಯೋಳಿದ್ದು ಸಾ?"

"ವೋಟರ್ ಲಿಸ್ಟ್ ಅಂತಾನೂ ಇದೆಯಲ್ಲಮ್ಮ ಅದ್ರಲ್ಲಿ. ಸುಳ್ಳು ಹೇಳಿದ್ನಾ?"

"ಮಿಕ್ಕಿದ್ದು?"

"ಮಿಕ್ಕಿದ್ದು ನೀನೇ ಓದ್ಬೋದಿತ್ತಲ್ಲ. ನಾಕನೇ ಕ್ಲಾಸ್ ಪಾಸು ನೀನು." ನಕ್ಕರು. "ನಂಗೆ ಓದಕ್ಕೆ ಬರಲ್ಲ ಅಂತ ಯಾರ್ ಹತ್ರನಾದ್ರೂ ಹೇಳಿ ನೋಡು. ಸರ್ವಿಸ್ ಬುಕ್ ತೆಗೀತೀನಿ. ಮನೆಗ್ ಕಳಿಸ್ತಾರೆ."

ರಿಟೈರ್ಮೆಂಟಿಗೆ ನನಗೆ ಇನ್ನೂ ಆರು ವರ್ಷ ಇತ್ತು. ಪಡುವಾರಹಳ್ಳಿಯ ಬಾಡಿಗೆ ಮನೆಯಲ್ಲಿ ನಾನೂ, ಗಂಡ ಬಿಟ್ಟ ಮಗಳೂ ಇದ್ದೆವು. ಬಾಯಿ ಮುಚ್ಚಿಕೊಂಡೆ.

ಜೂನ್‌ನಲ್ಲಿ ಸ್ಕೂಲು ತೆರೆದಾಗ ಸಮಾಜದ ಮೇಷ್ಟ್ರು ಪ್ರಭಾರಿ ಹೆಡ್ಮಾಸ್ಟರಾಗಿ ಕುರ್ಚಿಯಲ್ಲಿ ಕೂತಿದ್ದರು. ಹಾಜರಿ ಪುಸ್ತಕ ಅವರ ಮೇಜಿನ ಮೇಲೆ. ಮೇಡಂ ದಿನಾ ಅವರ ಮುಂದೆ ನಿಂತು ಸೈನ್ ಹಾಕಬೇಕು. ಆ ಮನುಷ್ಯ ಕೆಟ್ಟವರಲ್ಲ. ಮೇಡಂ ಬಂದರೆ ಅರ್ಧ ಎದ್ದು ನಿಲ್ಲುತ್ತಿದ್ದರು.

"ಮೇಡಂ, ಇದನ್ನ ನಾನ್ ಕೇಳಿ ತಗೊಂಡಿದ್ದಲ್ಲ."

"ಬೇಡ ಅಂತಾನೂ ಅನ್ಲಿಲ್ವಲ್ಲ ನೀವು," ಅಂತ ಮೇಡಂ ಸೈನ್ ಹಾಕಿ ಹೋಗುತ್ತಿದ್ದರು.

ಮೇಡಂ ಇಲಾಖೆಗೆ ಅರ್ಜಿ ಬರೆದರು. ಅರ್ಜಿ ಹೆಡ್ಮಾಸ್ಟರ ಮೂಲಕವೇ ಹೋಗಬೇಕು ಅನ್ನುವುದು ನಿಯಮ. ಹೆಡ್ಮಾಸ್ಟರು ಅಂದರೆ ಯಾರು? ಆ ಅರ್ಜಿ ಯಾರ ಮೇಲೋ ಅವರು. ಅದು ಅವರ ಡ್ರಾಯರಿನಲ್ಲಿ ಮಲಗಿತು. ಮೇಡಂ ಒಂದು ಮುಂಗಡ ಪ್ರತಿ ತಾವೇ ಕೊಡಲು ಹೋದರು. ಆಮೇಲೆ ನಾನು ವಾರಕ್ಕೆ ಎರಡು ಸಲ ಆ ಆಫೀಸಿಗೆ ಟಪಾಲು ಒಯ್ಯುತ್ತಿದ್ದೆನಾದ್ದರಿಂದ ನನ್ನ ಚೀಲದಲ್ಲೂ ಹಾಕಿದರು. ಆಗಬೇಕಾದ್ದು ಇಷ್ಟೇ: ಅರ್ಜಿ ಒಳಗೆ ತಗೊಂಡು, ನಕಲಿನ ಮೇಲೆ 'ಸ್ವೀಕರಿಸಿದೆ' ಅಂತ ಒಂದು ಸೀಲು ಒತ್ತಿಕೊಡಬೇಕು. ಸೀಲು ಬಿದ್ದರೆ ಅರ್ಜಿ ಹುಟ್ಟಿದಂತೆ. ಇಲ್ಲದಿದ್ದರೆ ಅದು ಬರೀ ಹಾಳೆ.

"ಥ್ರೂ ಪ್ರಾಪರ್ ಚಾನಲ್ ಬರ್ಲಿ."

"ಆ ಆರ್ಡರ್ ಬುಕ್ ಮೂಲ ಪ್ರತಿ ತನ್ನಿ."

"ಸಾಹೇಬ್ರು ಟೂರು."

"ಸೀಲು ಬೀರುವಲ್ಲಿದೆ, ಬೀಗದ ಕೈ ಇರೋರು ರಜ."

ಅವರೂ ನಾನೂ ಸೇರಿ ಹನ್ನೊಂದು ಸಲ ಹೋದೆವು. ಸೀಲು ಬೀಳಲಿಲ್ಲ. ನಾನು ಅಲ್ಲಿಯ ಜಗಲಿಯ ಮೇಲೆ ಕೂತು ಕೂತು, ಎದುರಿಗಿದ್ದ ಬೋರ್ಡು ಕೂಡಿಸಿ ಓದುವುದನ್ನು ಕಲಿತದ್ದೊಂದೇ ಲಾಭ.

ಮೇಡಂಗೆ ಒಂದು ದಾರಿ ತೋಚಿತು. ಐದು ಜನ ಹೆಂಗಸರೂ, 'ಓದದೆ ಸಹಿ ಹಾಕಿದೆವು, ನಮಗೆ ಹೇಳಿದ್ದು ಬೇರೆ' ಅಂತ ಬರೆದುಕೊಟ್ಟರೆ ಆ ಪುಟಕ್ಕೆ ಬೆಲೆ ಇರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಮುಂದೆ ಕೇಳಿದರು. ನಾನು ನೀರು ತುಂಬಿಸುತ್ತಿದ್ದೆ.

ಇಂಗ್ಲಿಷ್ ಮೇಡಂ, "ನಮ್ಮ ಮನೆಯವರನ್ನ ಒಂದ್ ಮಾತು ಕೇಳ್ಬೇಕು," ಅಂದರು. ಕೇಳಿಕೊಂಡು ಬಂದ ಮೇಲೆ ಆ ಮಾತೇ ಎತ್ತಲಿಲ್ಲ. ಹೊಲಿಗೆ ಟೀಚರು, "ನನ್ನ ಅಪ್ರೂವಲ್ ಇನ್ನೂ ಬಂದಿಲ್ಲ ಮೇಡಂ, ಕಾಲ್ಗೆ ಬೀಳ್ತೀನಿ, ನನ್ನ ಬಿಟ್ಬಿಡಿ," ಅಂದರು. ಹಿಂದಿ ಮೇಡಂ ಡಬ್ಬಿ ಮುಚ್ಚಿ ಎದ್ದರು. ಉಳಿದವರು ಕನ್ನಡ ಮೇಡಂ. ಅವರದ್ದು ವ್ಯಾಪಾರಸ್ಥ ಲಿಂಗಾಯತರ ಮನೆ, ಸಯ್ಯಾಜಿರಾವ್ ರಸ್ತೆಯಲ್ಲಿ ಮಾವನವರ ಅಂಗಡಿ, ಯಾರ ಹಂಗೂ ಇಲ್ಲ. ಅವರಾದರೂ ಬರೆದುಕೊಡುತ್ತಾರೆ ಅಂದುಕೊಂಡಿದ್ದೆ.

"ನಂಗೆ ಗೊತ್ತು ಕಣ್ರೀ, ಓದ್ದೇ ಹಾಕಿದ್ದು," ಅಂದರು. "ನನ್ನ ಬೆನ್ನ ಮೇಲೇ ತಾನೆ ಹಾಕಿದ್ದು ನೀವೆಲ್ಲ. ಆದ್ರೆ ಕನ್ನಡ ಹೇಳ್ಕೊಡೋಳು ನಾನು. ನಾಕು ಸಾಲು ಕನ್ನಡ ಓದ್ದೇ ಸಹಿ ಹಾಕ್ದೆ ಅಂತ ಬರ್ಕೊಟ್ರೆ, ನಾಳೆ ಹುಡುಗ್ರ ಮುಂದೆ ಹೆಂಗ್ರೀ ನಿಂತ್ಕೊಳ್ಳಿ?"

ವಿಜ್ಞಾನದ ಮೇಡಂ ಮೊಸರನ್ನ ಕಲಸುತ್ತಾ, "ಸರಿ ಬಿಡಿ," ಅಂದರು.

ನನಗೆ ಇವರೆಲ್ಲರ ಮೇಲೂ ಸಿಟ್ಟು ಬಂದಿತ್ತು. ನನ್ನ ಮೇಲೂ ಇತ್ತು, ಅದನ್ನು ಅವರ ಮೇಲೆ ಹಾಕುವುದು ಸುಲಭವಾಗಿತ್ತು. ಅವತ್ತು ಸಾಯಂಕಾಲ ಮೇಡಂ ನನ್ನನ್ನು ಲ್ಯಾಬಿಗೆ ಕರೆದರು.

"ನೀನಾದ್ರೂ ಬಾಯಿ ಬಿಡ್ತೀಯೇನೇ?"

ಸರ್ವಿಸ್ ಬುಕ್ಕಿನ ಕಥೆ ಹೇಳಿದೆ. ಎರಡನೇ ಕ್ಲಾಸಿನದೂ, ನಾಲ್ಕನೇ ಕ್ಲಾಸಿನದೂ. ಬಯ್ಯುತ್ತಾರೆ ಅಂತ ಕಾದೆ. "ಸರಿ. ಬೀಕರ್ ತೊಳ್ದು ಹೋಗು," ಅಂದರು. ಮತ್ತೆ ಯಾವತ್ತೂ ಕೇಳಲಿಲ್ಲ. ಬೈದಿದ್ದರೆ ಅಲ್ಲಿಗೆ ತೀರಿಹೋಗುತ್ತಿತ್ತು.

ನವೆಂಬರಿನಲ್ಲಿ ವಾರ್ಷಿಕ ತಪಾಸಣೆ ಬಂತು. ಇಲಾಖೆಯ ಅಧಿಕಾರಿ ಒಂದು ದಿನ ಪೂರ್ತಿ ಕೂತು ಸ್ಕೂಲಿನ ಪುಸ್ತಕಗಳನ್ನೆಲ್ಲ ನೋಡುತ್ತಾರೆ. ಹಿಂದಿನ ದಿನವೇ ಉದ್ದದ ಮೇಜಿಗೆ ಬಟ್ಟೆ ಹಾಸಿ, ಹಾಜರಿ, ದಾಖಲಾತಿ, ಸ್ಟಾಕು, ಆರ್ಡರ್ ಬುಕ್ಕುಗಳನ್ನು ವರ್ಷದ ಪ್ರಕಾರ ನಾನೇ ಜೋಡಿಸಿದೆ. ಬೆನ್ನಿನ ಬಣ್ಣದ ಮೇಲೆ ನನಗೆ ವರ್ಷ ಗೊತ್ತಾಗುತ್ತಿತ್ತು. ಆ ಆಷಾಢದ ಬುಕ್ಕು ಹಸಿರು ಬೆನ್ನಿನದು. ಅದು ಅಲ್ಲಿ ಇರಲಿಲ್ಲ. ಎಲ್ಲಿದೆ ಅಂತ ನನಗೆ ಗೊತ್ತಿತ್ತು: ಭೂಪಟಗಳ ಕೋಣೆಯಲ್ಲಿ, ಸುತ್ತಿಟ್ಟ ಭೂಪಟಗಳ ಹಿಂದೆ, ಗೋಣಿ ತಾಟಿನಲ್ಲಿ. ಇಲಾಖೆಯವರು ಮೂಲ ಪ್ರತಿ ಕೇಳಿದ ಮೇಲೆ, ಮೇಡಂ ಕೈಗೆ ಸಿಗದಿರಲಿ ಅಂತ ಗುಮಾಸ್ತರು ಅಲ್ಲಿಟ್ಟಿದ್ದರು. ಕಸ ಗುಡಿಸುವವಳಿಂದ ಏನನ್ನು ಬಚ್ಚಿಡುತ್ತಾರೆ?

ಅಧಿಕಾರಿ ಸಣಕಲು ಮನುಷ್ಯ, ಕನ್ನಡಕದ ಮೇಲಿಂದ ನೋಡುತ್ತಿದ್ದರು. ಮೇಡಂ ನೇರವಾಗಿ ಅವರ ಮುಂದೆ ಹೋಗಿ ನಿಂತು ತಮ್ಮ ವಿಷಯ ಹೇಳಿದರು. ಅಧಿಕಾರಿ ಪೂರ್ತಿ ಕೇಳಿಸಿಕೊಂಡು, ಅವರನ್ನು ಕ್ಲಾಸಿಗೆ ಕಳಿಸಿ, "ಆ ಪುಸ್ತಕ ತೆಗೀರಿ ನೋಡೋಣ," ಅಂದರು.

"ಸಿಗ್ತಾ ಇಲ್ಲ ಸಾರ್," ಅಂದರು ಗುಮಾಸ್ತರು. "ನಿನ್ನೆ ಈ ಆಯಮ್ಮನೇ ಜೋಡಿಸಿದ್ದು. ಎಲ್ಲೋ ಹಾಕ್ಬಿಟ್ಟಿದಾಳೆ. ಇವಳ ಕೈಗೆ ಸಿಕ್ಕಿದ್ದು ಒಂದೂ ಸರಿಯಾಗಿರಲ್ಲ ಸಾರ್."

ನ್ಯಾಯ ಧರ್ಮ ಅಂತ ನಾನು ಎದ್ದವಳಲ್ಲ. ಅಷ್ಟು ದೊಡ್ಡ ಮನಸ್ಸು ಇದ್ದಿದ್ದರೆ ಏಪ್ರಿಲ್‌ನಲ್ಲೇ ಬಾಯಿ ಬಿಡುತ್ತಿದ್ದೆ. ಇಪ್ಪತ್ತು ವರ್ಷ ಒಂದು ಹಾಳೆ ಕಳೆಯದೆ ಹೊತ್ತವಳಿಗೆ ಆ ಮಾತು ಅಂದನಲ್ಲ, ಅದು ಉರಿಯಿತು. ಭೂಪಟದ ಕೋಣೆಗೆ ಹೋದೆ, ತಾಟು ಬಿಚ್ಚಿದೆ, ಹಸಿರು ಬೆನ್ನಿನ ಬುಕ್ಕು ತಂದು ಅಧಿಕಾರಿಯ ಮುಂದೆ ಇಟ್ಟೆ. "ಇಲ್ಲಿತ್ತು ಸಾ. ನಾನಿಟ್ಟಿದ್ದಲ್ಲ."

ಗುಮಾಸ್ತರ ಮುಖ ನೋಡಬೇಕಿತ್ತು. ಪಕ್ಕದಲ್ಲಿ ಕೂತಿದ್ದ ಪ್ರಭಾರಿ ಮೇಷ್ಟ್ರು ಬೆವರು ಒರೆಸಿಕೊಂಡರು.

ಅಧಿಕಾರಿ ಪುಟ ತಿರುವಿದರು. "ಇದೇನ್ರೀ, ಐದು ಸಹಿನೂ ಕುಡುಕರು ಹಾಕಿದ ಹಾಗಿದೆ?"

"ಬೆನ್ನ ಮೇಲೆ ಮಡಗಿ ಹಾಕಿದ್ದು ಸಾ. ಬೆಟ್ಟಕ್ಕೆ ಒಂಟಿದ್ರು. ಬುಕ್ ತಗಂಡ್ ಹೋದೋಳು ನಾನೇಯ. ವೋಟರ್ ಲಿಸ್ಟ್ ಕೆಲ್ಸ ಬ್ಯಾಡ ಅನ್ನಕ್ಕೆ ಅಂತ ಗುಮಾಸ್ತರು ಯೋಳಿದ್ರು, ಅದನ್ನೇ ಯೋಳ್ದೆ."

"ಅದರಲ್ಲಿ ಬರೆದಿದ್ದನ್ನ ನೀನು ನೋಡ್ಲಿಲ್ವಾ?"

"ನಂಗೆ ಓದಕ್ಕೆ ಬರಲ್ಲ ಸಾ."

ಹೇಳಿಬಿಟ್ಟೆ. ಗುಮಾಸ್ತರು ಕೂಡಲೇ, "ಸಾರ್, ಇವಳ ಸರ್ವಿಸ್ ಬುಕ್ಕಲ್ಲಿ..." ಅಂದರು. ಅಧಿಕಾರಿ ಕೈ ಎತ್ತಿ ಅವರನ್ನು ನಿಲ್ಲಿಸಿ, ನನಗೆ ಹೇಳಿದರು: "ನಿಂಗೆ ಬರಲ್ಲ ಸರಿ. ಅವ್ರೆಲ್ಲ ಓದಿದೋರು. ಓದಿದೋರು ಓದ್ದೇ ಸಹಿ ಹಾಕ್ತಾರೆ ಅಂದ್ರೆ ಯಾರ್ ನಂಬ್ತಾರಮ್ಮ? ನಾನು ನಂಬಲ್ಲ."

"ನೀವೇ ಒಂದು ಆರ್ಡರ್ ಬರೀರಿ ಸಾ," ಅಂದೆ. "ಏನಾರ ಬರೀರಿ. ನಂಗೆ ಬಾಯಲ್ಲಿ ಬ್ಯಾರೆ ಯೋಳಿ. ಒಂದು ರೌಂಡ್ ಒಡ್ಕೊಂಡ್ ಬತ್ತೀನಿ."

ಅವರು ಪ್ರಭಾರಿ ಮೇಷ್ಟ್ರಿಗೆ, "ನಿಮ್ಮ ಪೀರಿಯಡ್ ಇದೆ ಅಲ್ವಾ? ಹೋಗಿ ಪಾಠ ಮಾಡ್ತಾ ಇರಿ, ಆಮೇಲೆ ಬಂದು ಕೇಳ್ತೀನಿ," ಅಂದರು. ಗುಮಾಸ್ತರಿಗೆ, "ನೀವು ಇಲ್ಲೇ ಕೂತ್ಕೊಳಿ," ಅಂದರು. ಇಬ್ಬರಿಗೂ ಕಾಣದಂತೆ ಈ ವರ್ಷದ ಬುಕ್ಕಿನಲ್ಲಿ ಮೂರು ಸಾಲು ಬರೆದು ನನ್ನ ಕೈಗೆ ಕೊಟ್ಟರು. "ನಾಳೆ ಮೂರನೇ ಪೀರಿಯಡ್ ಆದ್ಮೇಲೆ ರಜ ಅಂತ ಹೇಳು."

ಹೊರಟೆ. ಎಡಗೈ ಮೇಲೆ ಬುಕ್ಕು, ಬಲಗೈಯಲ್ಲಿ ಪೆನ್ನು. ಮೊದಲ ಕ್ಲಾಸು ಹಿಂದಿ ಮೇಡಂದು. ರಜ ಅಂದೆ, ಹಾಕಿದರು. ಗಣಿತದ ಮೇಷ್ಟ್ರು ಲೆಕ್ಕ ಬಾಯಲ್ಲಿ ಹೇಳುತ್ತಲೇ ಹಾಕಿದರು. ಡ್ರಿಲ್ ಮೇಷ್ಟ್ರು ಫೀಲ್ಡಿನಲ್ಲಿ ವಿಸಿಲ್ ಬಾಯಲ್ಲಿಟ್ಟುಕೊಂಡು ಹಾಕಿದರು. ಪ್ರಭಾರಿ ಮೇಷ್ಟ್ರು ಬಾಗಿಲಿಗೆ ಬಂದು, "ಸಾಹೇಬ್ರು ಏನಾದ್ರೂ ಅಂದ್ರಾ?" ಅಂತ ಪಿಸುಗುಟ್ಟುತ್ತಾ ಹಾಕಿದರು. ಕನ್ನಡ ಮೇಡಂ ಹತ್ತಿರ ಬಂದಾಗ ಬುಕ್ಕನ್ನು ಸ್ವಲ್ಪ ಬಿಗಿಯಾಗಿ ಹಿಡಿದೆ. ಒಂದು ಸಲ ಸುಟ್ಟುಕೊಂಡವರು, ಓದಬಹುದು ಅಂತ.

"ರಜಾನಾ? ಅಬ್ಬ, ಮನೇಲಿ ಹಪ್ಪಳ ಒತ್ತೋದಿತ್ತು," ಅಂತ ಹಾಕಿದರು.

ಕೊನೆಗೆ ಲ್ಯಾಬು. ವಿಜ್ಞಾನದ ಮೇಡಂ ಪೆನ್ನು ತಗೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು ಬುಕ್ಕನ್ನು ನನ್ನ ಕೈಯಿಂದ ತಗೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಓದಿ ಮುಗಿಸಿ ನನ್ನ ಕಡೆ ನೋಡಿದರು.

"ಇದನ್ನ ಬರೆದೋರು ಯಾರು?"

"ಸಾಹೇಬ್ರು."

"ನೀನು ಹೇಳಿದ್ಯಾ ಅವ್ರಿಗೆ? ಓದಕ್ಕೆ ಬರಲ್ಲ ಅಂತ?"

"ಯೋಳ್ದೆ ಬುಡಿ."

ಅವರು ಬುಕ್ಕನ್ನು ಮೇಜಿನ ಮೇಲೆ ಇಟ್ಟು ಒಂದು ಸಾಲು ಬರೆದು ಸೈನ್ ಹಾಕಿದರು. "ಓದಿದ್ದೇನೆ. ಒಪ್ಪಿಗೆ ಇಲ್ಲ."

ಬುಕ್ಕು ಅಧಿಕಾರಿಯ ಮುಂದೆ ಹೋದಾಗ ಪೀರಿಯಡ್ ಇನ್ನೂ ಮುಗಿದಿರಲಿಲ್ಲ. ಅವರು ಬರೆದದ್ದನ್ನು ಗುಮಾಸ್ತರಿಗೆ ಕೇಳಿಸುವಂತೆ ಓದಿದರು: "ಸಹಿ ಮಾಡಿರುವ ನಾವು ಮುಂದಿನ ತಿಂಗಳಿಂದ ಪ್ರತಿ ಭಾನುವಾರ ಸಂಬಳವಿಲ್ಲದೆ ಪೂರ್ಣ ದಿನ ಪಾಠ ಮಾಡಲು ಸಂತೋಷದಿಂದ ಒಪ್ಪಿರುತ್ತೇವೆ." ಹದಿನೆಂಟು ಜನರಲ್ಲಿ ಹದಿನೇಳು ಜನ ಸಂತೋಷದಿಂದ ಒಪ್ಪಿದ್ದರು. ಅಧಿಕಾರಿ ನಗಲಿಲ್ಲ. ನಾನೂ ನಗಲಿಲ್ಲ. ಗೆದ್ದಂತೆ ಅನ್ನಿಸಲಿಲ್ಲ. ಇಂಥವರ ಮಧ್ಯೆ ಇಷ್ಟು ವರ್ಷ ಬೆಲ್ ಹೊಡೆದೆನಲ್ಲ ಅನ್ನಿಸಿತು.

"ನಿಂಗೆ ಓದಕ್ಕೆ ಬರಲ್ಲ ಅನ್ನೋದನ್ನೂ ನಾನು ಬರ್ಕೋಬೇಕಾಗುತ್ತೆ ಆಯಮ್ಮ," ಅಂದರು.

"ಬರ್ಕಳಿ ಸಾ. ಓದಿ ಯೋಳಿ, ಸೈನ್ ಹಾಕ್ತೀನಿ."

ಫೆಬ್ರವರಿಯಲ್ಲಿ ಎರಡು ಕಾಗದ ಬಂದವು. ಒಂದರಲ್ಲಿ, ಸೇವಾ ಹಿರಿತನದಂತೆ ವಿಜ್ಞಾನದ ಮೇಡಂಗೆ ಪ್ರಭಾರ ಕೊಡಬೇಕು ಅಂತ ಇತ್ತು. ಇನ್ನೊಂದು ನನಗೆ: ವಿದ್ಯಾರ್ಹತೆ ತಪ್ಪಾಗಿ ನಮೂದಾಗಿದ್ದಕ್ಕೆ ಒಂದು ವರ್ಷದ ವೇತನ ಬಡ್ತಿ ತಡೆ. ಕೆಲಸ ಉಳಿಯಿತು. ತಪ್ಪಾಗಿ ಬರೆದ ಹೆಡ್ಮಾಸ್ಟರು ಗೋಡೆ ಮೇಲೆ ಫೋಟೋದಲ್ಲಿ ಮೀಸೆ ಬಿಟ್ಟುಕೊಂಡು ಇದ್ದರು. ಗುಮಾಸ್ತರಿಗೆ ಬಾಯಿಮಾತಿನ ಎಚ್ಚರಿಕೆ. ಅದನ್ನು ಯಾರೂ ಯಾವ ಬುಕ್ಕಿನಲ್ಲೂ ಬರೆಯಲಿಲ್ಲ.

ಸಮಾಜದ ಮೇಷ್ಟ್ರು ಬೀಗದ ಕೈ ಗೊಂಚಲು, ಸೀಲು, ಪಟ್ಟಿ ಎಲ್ಲ ಒಪ್ಪಿಸಿ ಹಗುರಾಗಿ ಹೋದರು. ಮೇಡಂ ಪಟ್ಟಿಯ ಒಂದೊಂದು ಸಾಲನ್ನೂ ಓದಿ, ಒಂದೊಂದು ಬೀಗವನ್ನೂ ತೆಗೆದು ನೋಡಿ ಸೈನ್ ಹಾಕಿದರು. ಮಧ್ಯಾಹ್ನ ಎರಡಾಯಿತು. ಮರುದಿನ ಬೆಳಿಗ್ಗೆ ನನ್ನನ್ನು ಕರೆದು ಆರ್ಡರ್ ಬುಕ್ಕು ಬಿಡಿಸಿಟ್ಟರು.

"ಓದು."

"ನಂಗೆ ಬರಲ್ಲ ಅಂತ ಸರ್ಕಾರಕ್ಕೇ ಗೊತ್ತಾಯ್ತಲ್ಲ ಮೇಡಂ."

"ನೀನು ಓದಿ ಹೇಳೋವರ್ಗೂ ಬುಕ್ಕು ಈ ರೂಮಿಂದ ಆಚೆ ಹೋಗಲ್ಲ. ಓದು."

ಐವತ್ತು ದಾಟಿದ ಮೇಲೆ ದಿನಾ ಬೆಳಿಗ್ಗೆ ಮಗುವಿನ ಹಾಗೆ ನಿಂತು, ಬೆರಳಿಟ್ಟು, ಒತ್ತಕ್ಷರಕ್ಕೆ ಎಡವಿ, ಬೈಸಿಕೊಂಡು ಓದಿದೆ. ಒಂದು ವರ್ಷ ಅವರನ್ನು ಮನಸ್ಸಿನಲ್ಲೇ ಶಪಿಸಿದೆ. ಎರಡನೇ ವರ್ಷ ಓದು ಬಂತು.

ಅವರು ಆ ಕುರ್ಚಿಯಲ್ಲಿ ಇದ್ದದ್ದು ಮೂರು ವರ್ಷ. ಸುಖದಲ್ಲಿ ಇರಲಿಲ್ಲ. ಕಾರ್ಯದರ್ಶಿ ಸೀಮೆಸುಣ್ಣ ತರಿಸುವ ಕಾಗದಕ್ಕೂ ತಿಂಗಳುಗಟ್ಟಲೆ ಸಹಿ ಮಾಡುತ್ತಿರಲಿಲ್ಲ. ಪೋಷಕರು ಒಳಗೆ ಬಂದು, ಕುರ್ಚಿಯಲ್ಲಿ ಕೂತವರನ್ನೇ, "ಹೆಡ್ಮಾಸ್ಟ್ರು ಇಲ್ವಾ?" ಅಂತ ಕೇಳುತ್ತಿದ್ದರು. ಪರೀಕ್ಷೆ ದಿನಗಳಲ್ಲಿ ಮೇಡಂ ಎಲ್ಲರನ್ನೂ ಕಳಿಸಿ ಕೊನೆಯಲ್ಲಿ ಗೇಟು ದಾಟಿ, ದಟ್ಟಗಳ್ಳಿ ಬಸ್ಸಿಗೆ ಒಬ್ಬರೇ ನಿಲ್ಲುತ್ತಿದ್ದರು. ಬೋರ್ಡಿನ ಮೇಲೆ ಹೆಸರಿನ ಮುಂದೆ 'ಪ್ರಭಾರಿ' ಅಂತ ಇತ್ತು. ಅದನ್ನು ಅಳಿಸಲು ಬೇಕಾದ ಮಂಜೂರಾತಿ ಬಂದದ್ದು ಅವರ ರಿಟೈರ್ಮೆಂಟಿಗೆ ಎಂಟು ತಿಂಗಳು ಇರುವಾಗ. ಆ ಮೂರು ವರ್ಷ ಯಾರೂ ಆ ಸ್ಕೂಲಿನಲ್ಲಿ ಓದದೆ ಸೈನ್ ಹಾಕಲಿಲ್ಲ, ನಾನು ಬಿಡಲಿಲ್ಲ.

ಇದನ್ನೆಲ್ಲ ಪಕ್ಕದ ಸ್ಟಾಫ್ ರೂಮಿನಲ್ಲಿ ಕೂತು ನೋಡುತ್ತಿದ್ದವರು ಕನ್ನಡ ಮೇಡಂ. ಮುಂದಿನ ಸರದಿ ಅವರದು. ವಿಜ್ಞಾನದ ಮೇಡಂ ರಿಟೈರ್ ಆಗುವ ತಿಂಗಳು, ಒಂದು ದಿನ ಬೆಳಿಗ್ಗೆ, ಕನ್ನಡ ಮೇಡಂ ನನ್ನ ಕೈಗೆ ಒಂದು ಲಕೋಟೆ ಕೊಟ್ಟರು. "ಇಲಾಖೆ ಆಫೀಸಿಗೆ ಕೊಟ್ಬಿಡು ಆಯಮ್ಮ."

ಬಾಯಿ ಅಂಟಿಸಿರಲಿಲ್ಲ. ತೆಗೆದು ಓದಿದೆ. ಗೃಹಕೃತ್ಯದ ಕಾರಣ ಮುಖ್ಯೋಪಾಧ್ಯಾಯಿನಿ ಹುದ್ದೆ ವಹಿಸಿಕೊಳ್ಳಲು ತಮಗೆ ಇಚ್ಛೆ ಇಲ್ಲ ಅಂತ ಇತ್ತು.

"ಇದನ್ನ ಯಾರ್ ಬರೆಸಿದ್ದು ಮೇಡಂ?"

"ಯಾರೂ ಇಲ್ಲ ಕಣೇ. ನಾನೇ ಬರೆದಿದ್ದು."

"ಓದ್ಕಂಡ್ ಸೈನ್ ಹಾಕಿದೀರಾ?"

"ಓದ್ಕೊಂಡೇ ಹಾಕಿದೀನಿ." ಅವರು ಕುರ್ಚಿಯ ರೂಮಿನ ಕಡೆ ನೋಡಿದರು. "ನೋಡಿಲ್ವಾ ನೀನು, ಅವ್ರ ಪಾಡನ್ನ? ನಂಗ್ ಬೇಡಮ್ಮ. ನನ್ನ ಕೈಲಿ ಆಗಲ್ಲ."

"ಅವ್ರ ಕೈಲಿ ಆಯ್ತಲ್ಲ ಮೇಡಂ."

"ಆಯ್ತು. ನಂಗ್ ಬೇಡ."

ಲಕೋಟೆಯನ್ನು ಅವರ ಕೈಗೇ ವಾಪಸ್ ಕೊಟ್ಟೆ. "ನಾನ್ ತಗಂಡ್ ಹೋಗಲ್ಲ. ನಿಮ್ದೊಂದು ಕಾಗದ ಒತ್ಕಂಡ್ ಹೋಗಿದ್ದೇ ಸಾಕು ನಂಗೆ." ಅಷ್ಟು ವರ್ಷದಲ್ಲಿ ನಾನು ಒಲ್ಲೆ ಅಂದ ಟಪಾಲು ಅದೊಂದೇ.

ಅವರು ಬೈಯಲಿಲ್ಲ. ಎರಡು ದಿನ ಲಕೋಟೆ ಅವರ ಬ್ಯಾಗಿನಲ್ಲೇ ಇತ್ತು, ಇಣುಕಿ ನೋಡಿದ್ದೆ. ಮನಸ್ಸು ಬದಲಾಯಿಸುತ್ತಾರೇನೋ ಅಂದುಕೊಂಡೆ. ಮೂರನೇ ದಿನ ಗುಮಾಸ್ತರು ಖುದ್ದಾಗಿ ಸ್ಕೂಟರಿನಲ್ಲಿ ಒಯ್ದರು. ಬೆಳಿಗ್ಗೆ ಹತ್ತೂವರೆಗೆ ಹೋದವರು ಊಟದ ಬೆಲ್ಲಿನೊಳಗೆ ವಾಪಸ್ ಬಂದರು. ನಕಲಿನ ಮೇಲೆ ಸೀಲು ಬಿದ್ದಿತ್ತು. ದುಂಡಗೆ, ನೀಲಿಗೆ, ಇನ್ನೂ ಹಸಿ.

"ಫೈಲಿಗೆ ಹಾಕು," ಅಂತ ನನ್ನ ಕೈಗೆ ಕೊಟ್ಟರು.

ಬೀರುವಿನ ಮುಂದೆ ನಿಂತು ಇನ್ನೊಂದು ಸಲ ಪೂರ್ತಿ ಓದಿದೆ. ಸಹಿ ನೆಟ್ಟಗಿತ್ತು. ಮೇಜಿನ ಮೇಲೆ ಇಟ್ಟು ಹಾಕಿದ್ದು.